ಎಕ್ಸ್‌ರೇಯಲ್ಲಿ ಕಾಣದ ಪೆಟ್ಟು: ಹೈಸ್ಕೂಲಿನಲ್ಲೇ ಫುಟ್ಬಾಲ್ ನಿಂತುಹೋದವರು ಯಾರಾದರೂ ಇದ್ದೀರಾ?

ಪದವಿನ ರೈಟ್‌ಔಟ್

ಮೊನ್ನೆ ಮಂಜೇಶ್ವರದ ಕಡೆಯಿಂದ ಮನೆಗೆ ಬರುವಾಗ ದಾರಿಬದಿಯ ಶಾಲಾ ಮೈದಾನದಲ್ಲಿ ಮಕ್ಕಳ ಮ್ಯಾಚ್ ನಡೆಯುತ್ತಿತ್ತು. ಬೈಕ್ ನಿಲ್ಲಿಸಿದೆ. ನೀಲಿ ಅಂಗಿಯ ಹುಡುಗನೊಬ್ಬ ಬಾಲು ತೆಗೆದುಕೊಂಡು ಓಡುತ್ತಿದ್ದವ ಒಮ್ಮೆಲೇ ತಿರುಗಲು ಹೋಗಿ ಕುಸಿದ. ಅವನ ಹತ್ತಿರ ಎದುರು ತಂಡದವರು ಯಾರೂ ಇರಲಿಲ್ಲ. ಮೊಣಕಾಲು ಹಿಡಿದುಕೊಂಡು ಕೂತ. ಯಾರೋ ಓಡಿ ಬಂದು ಸ್ಪ್ರೇ ಹೊಡೆದರು. ಎದ್ದ, ಕುಂಟುತ್ತ ನಾಲ್ಕು ಹೆಜ್ಜೆ ಹಾಕಿದ, ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು, ಅವನು ಮತ್ತೆ ಆಟಕ್ಕೆ ಇಳಿದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅದೇ ಚಪ್ಪಾಳೆ ನನಗೂ ಸಿಕ್ಕಿತ್ತು, 1999ರ ಅಕ್ಟೋಬರಿನಲ್ಲಿ. ಹತ್ತನೇ ಕ್ಲಾಸು. ನಮ್ಮದು ಕನ್ನಡ ಮಾಧ್ಯಮದ ಹೈಸ್ಕೂಲು, ಮೈದಾನ ಅಂದರೆ ಪದವು, ಗುಡ್ಡದ ಮೇಲಿನ ಬಟ್ಟಬಯಲು. ಮಳೆಗಾಲದಲ್ಲಿ ಮುರಕಲ್ಲಿನ ಮೇಲೆ ತೆಳ್ಳಗೆ ಹುಲ್ಲು ಬಂದು ಚಂದ ಕಾಣುತ್ತದೆ. ದೀಪಾವಳಿಗೆ ಮೊದಲೇ ಹುಲ್ಲು ಒಣಗಿ ಕಲ್ಲು ತಲೆ ಎತ್ತುತ್ತದೆ. ಬಿದ್ದರೆ ತೊಡೆಯ ಚರ್ಮ ಕಿತ್ತು ಬರುತ್ತಿತ್ತು. ಒಂದು ಬದಿಯ ಗೋಲ್‌ಪೋಸ್ಟು ಅಡಿಕೆ ಮರದ್ದು. ಸಂಜೆ ಬೆಲ್ಲು ಹೊಡೆದ ಮೇಲೆ ಬಾಲು ಕಾಣದಷ್ಟು ಕತ್ತಲಾಗುವ ತನಕ ಆಡಿ, ಆಮೇಲೆ ಎರಡು ಮೈಲಿ ನಡೆದು ಮನೆಗೆ. ನಾನು ರೈಟ್ ಔಟ್, ಬಲಬದಿಯ ಅಂಚಿನಲ್ಲಿ ಮುಂದೆ ಆಡುವವ. ಬಿದ್ದಡಿಕೆ ಹೆಕ್ಕಿ ಕೂಡಿಸಿದ ದುಡ್ಡಲ್ಲಿ ಕಾಸರಗೋಡು ಪೇಟೆಯಿಂದ ರಬ್ಬರ್ ಸ್ಟಡ್ಡಿನ ಬೂಟು ತಂದಿದ್ದೆ, ಏಳು ನಂಬರಿನದು. ರಾತ್ರಿ ಮಲಗುವಾಗ ಅದನ್ನು ತಲೆಯ ಹತ್ತಿರ ಇಟ್ಟುಕೊಳ್ಳುತ್ತಿದ್ದೆ.

ಉಪಜಿಲ್ಲಾ ಮಟ್ಟದ ಪಂದ್ಯ. ಮೊದಲ ಅರ್ಧ ಮುಗಿಯಲು ಬಂದಿತ್ತು. ಬ್ಯಾಕ್‌ನನ್ನು ದಾಟಿ ಒಳಕ್ಕೆ ತಿರುಗಲು ಬಲಗಾಲು ಊರಿದೆ. ಬೂಟು ನೆಲಕ್ಕೆ ಕಚ್ಚಿಕೊಂಡಿತು. ಮೈ ತಿರುಗಿತು, ಪಾದ ತಿರುಗಲಿಲ್ಲ. ಮೊಣಕಾಲಿನ ಒಳಗೆ ಒಣಕಡ್ಡಿ ಮುರಿದಂಥ ಒಂದು ಸದ್ದು. ಅದು ನನಗೆ ಮಾತ್ರ ಕೇಳಿಸಿತು. ಎದ್ದೆ, ಚಪ್ಪಾಳೆ ಬಿತ್ತು, ಆಡಿದೆ. ಗೆದ್ದೆವು ಕೂಡ. ರಾತ್ರಿ ಹೊತ್ತಿಗೆ ಮೊಣಕಾಲು ತೆಂಗಿನಕಾಯಿಯಷ್ಟಾಗಿತ್ತು.

ಮರುದಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಎಲುಬಿಗೆ ಏನೂ ಆಗಿಲ್ಲ, ಎರಡು ವಾರ ರೆಸ್ಟು ಅಂದರು. ಮಾತು ಮನೆಗೆ ಬರುವಾಗ ‘ಎಲುಬಿಗೆ’ ಅನ್ನುವ ಪದ ದಾರಿಯಲ್ಲೇ ಬಿದ್ದುಹೋಯಿತು. ‘ಏನೂ ಆಗಿಲ್ಲವಂತೆ’ ಅಂತ ಅಪ್ಪ ನೆರೆಮನೆಯವರಿಗೆ ಹೇಳಿದರು, ಅವರ ಮಗ ಶಾಲೆಯಲ್ಲಿ ಹೇಳಿದ. ಊರಿನ ಹಿರಿಯರೊಬ್ಬರು ಒಂದು ವಾರ ದಿನಾ ಬಂದು ಬಿಸಿ ಎಣ್ಣೆ ಹಾಕಿ ಉಜ್ಜಿದರು. ಪ್ರೀತಿಯಿಂದಲೇ ಉಜ್ಜಿದರು. ಆ ನೋವು ಈಗಲೂ ನೆನಪುಂಟು.

ಹದಿನೆಂಟನೇ ದಿನ ಜಿಲ್ಲಾ ತಂಡದ ಆಯ್ಕೆ. ರಾಜ್ಯಮಟ್ಟದಲ್ಲಿ ಆಡಿದರೆ ಎಸ್ಸೆಸ್ಸೆಲ್ಸಿಗೆ ಗ್ರೇಸ್ ಮಾರ್ಕು. ಹೋದೆ. ವಾರ್ಮ್‌ಅಪ್ ಓಟದಲ್ಲೇ, ಬಾಲು ಮುಟ್ಟುವ ಮೊದಲೇ, ಕಾಲು ಕೈಕೊಟ್ಟಿತು. ಆವತ್ತು ಚಪ್ಪಾಳೆ ಇರಲಿಲ್ಲ. ‘ಏನೂ ಆಗದ’ ಹುಡುಗ ಎರಡನೇ ಸಲ ಬಿದ್ದರೆ ಜನ ಬೇರೆ ಥರ ನೋಡುತ್ತಾರೆ. ಹೆದರಿದ, ದೊಡ್ಡ ಶಾಲೆಯ ಹುಡುಗರನ್ನು ಕಂಡು ಕಾಲು ನಡುಗಿತು ಅಂತ ಹಿಂದೆ ಯಾರೋ ಹೇಳಿದ್ದು ಕಿವಿಗೆ ಬಿತ್ತು. ಅದೇ ತಿಂಗಳು ನಮ್ಮ ಕ್ಲಾಸಿನ ಒಬ್ಬ ಗೇರುಮರದಿಂದ ಬಿದ್ದು ಕೈ ಮುರಿದುಕೊಂಡಿದ್ದ. ಅವನ ಪ್ಲಾಸ್ಟರಿನ ಮೇಲೆ ಎಲ್ಲರೂ ಹೆಸರು ಬರೆದರು, ನಾನೂ ಬರೆದೆ. ನನ್ನ ಮೊಣಕಾಲಿನ ಮೇಲೆ ಬರೆಯುವುದಕ್ಕೆ ಜಾಗವೇ ಇರಲಿಲ್ಲ.

2000ದ ಏಪ್ರಿಲಿನಲ್ಲಿ, ಪರೀಕ್ಷೆ ಮುಗಿದ ರಜೆಯಲ್ಲಿ, ಬ್ರೆಜಿಲಿನ ರೊನಾಲ್ಡೊ ಐದು ತಿಂಗಳ ನಂತರ ಮೈದಾನಕ್ಕೆ ಮರಳಿ ಬಂದು ಕೆಲವೇ ನಿಮಿಷಗಳಲ್ಲಿ ಅದೇ ಬಲ ಮೊಣಕಾಲು ಹಿಡಿದು ಬಿದ್ದ. ಅವನನ್ನೂ ಯಾರೂ ಮುಟ್ಟಿರಲಿಲ್ಲ. ಪತ್ರಿಕೆಯ ಆ ಚಿತ್ರ ಕತ್ತರಿಸಿ ಇಟ್ಟುಕೊಂಡೆ. ಯಾರಿಗೂ ಹೇಳದ ಒಂದು ಸಮಾಧಾನ ನನಗೆ ಅದರಲ್ಲಿತ್ತು: ಲೋಕದ ಅತ್ಯಂತ ದೊಡ್ಡ ಆಟಗಾರನೂ ಯಾರೂ ಮುಟ್ಟದೆ ಬೀಳುತ್ತಾನೆ. 2002ರ ಜೂನ್ 30ರಂದು ಅವನು ಫೈನಲಿನಲ್ಲಿ ಜರ್ಮನಿಗೆ ಎರಡು ಗೋಲು ಹೊಡೆದಾಗ ಕ್ಲಬ್ಬಿನ ಟಿವಿ ಮುಂದೆ ಇದ್ದವರೆಲ್ಲ ಕುಣಿದರು. ನಾನು ಹೊರಗೆ ಬಂದು ಜಗಲಿಯಲ್ಲಿ ಕೂತೆ.

2011ರಲ್ಲಿ ತೋಟದ ಕಟ್ಟಪುಣಿಯಲ್ಲಿ ನಡೆಯುವಾಗ ಮೊಣಕಾಲು ಮಡಚಿದ್ದು ಬಿಡಿಸಲು ಬರಲಿಲ್ಲ. ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದರು. ಡಾಕ್ಟರು ಪರದೆಯಲ್ಲಿ ತೋರಿಸಿ, ಇಲ್ಲಿ ಒಂದು ಲಿಗಮೆಂಟು, ಎಲುಬಿಗೆ ಎಲುಬು ಕಟ್ಟುವ ನಾರು, ಇರಬೇಕಿತ್ತು, ಇದು ಎಷ್ಟೋ ವರ್ಷದ ಹಿಂದೆಯೇ ಹರಿದುಹೋಗಿದೆ, ಆಮೇಲೆ ಎಲುಬುಗಳ ನಡುವಿನ ಮೆತ್ತೆ, ಮೆನಿಸ್ಕಸ್ಸೂ, ಸವೆದು ಹರಿದಿದೆ ಅಂದರು. ಹನ್ನೆರಡು ವರ್ಷದ ನಂತರ, ನಾನು ನಟಿಸಿರಲಿಲ್ಲ ಅನ್ನುವುದಕ್ಕೆ ಒಂದು ಸಾಕ್ಷಿ ಸಿಕ್ಕಿತು. ಅವರ ಮುಂದೆಯೇ ಕಣ್ಣು ತುಂಬಿತು.

ಈಗ ನನಗೆ 41. ನಿಮಗೆ ಯಾರಿಗಾದರೂ ಹೀಗೆ ಆಗಿದ್ದರೆ ಬರೆಯಿರಿ. ಇಷ್ಟು ವರ್ಷ ಇದನ್ನು ಯಾರ ಹತ್ತಿರವೂ ಪೂರ್ತಿ ಹೇಳಿದವನಲ್ಲ.

ಮೊಗ್ರಾಲ್ ಗೋಲಿ

ಅಣ್ಣಾ, ಒಂದೇ ಉಸಿರಿಗೆ ಓದಿದೆ. ನನ್ನದು ಭುಜ. 2003, ಒಂಬತ್ತನೇ ಕ್ಲಾಸು, ನಾನು ಗೋಲಿ, ಅಂದರೆ ಗೋಲ್‌ಕೀಪರ್. ಬಲಕ್ಕೆ ಡೈವ್ ಹೊಡೆದಾಗ ಕೈ ಚಾಚಿದ ಹಾಗೇ ನೆಲಕ್ಕೆ ಬಿದ್ದೆ, ಭುಜ ಜಾರಿತು. ಕೂಡಿಸಿದರು, ಹತ್ತು ದಿನ ಜೋಳಿಗೆ ಕಟ್ಟಿದರು, ಮುಗಿಯಿತು ಅಂದುಕೊಂಡೆವು. ಆಮೇಲೆ ಶರ್ಟು ಹಾಕುವಾಗ ಜಾರಿತು, ಬಸ್ಸಿನ ಕಂಬಿ ಹಿಡಿದಾಗ ಜಾರಿತು, ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ಜಾರಿತು. ನಾನೇ ಗೋಡೆಗೆ ಒತ್ತಿ ಕೂಡಿಸಿಕೊಳ್ಳುವುದನ್ನು ಕಲಿತೆ. ಹಾಗೆ ಕೂಡಿಸಿಕೊಳ್ಳುವುದೇ ದೊಡ್ಡ ಗಂಡಸುತನ ಅಂತ ಸ್ನೇಹಿತರು ಬೆನ್ನು ತಟ್ಟುತ್ತಿದ್ದರು. ಹನ್ನೊಂದನೇ ಸಲದ ನಂತರ ಎಣಿಸುವುದು ಬಿಟ್ಟೆ, ಗೋಲಿನ ಮುಂದೆ ನಿಲ್ಲುವುದನ್ನೂ ಬಿಟ್ಟೆ.

ನಮ್ಮ ಮೊಗ್ರಾಲಿನಲ್ಲಿ ಫುಟ್ಬಾಲ್ ಬಿಟ್ಟವನ ಪಾಡು ನಿಮಗೆ ಗೊತ್ತಿರಬಹುದು. ಇದು ಮಾಪ್ಪಿಳ ಹಾಡಿನ ಊರು, ಫುಟ್ಬಾಲಿನ ಊರು. ಸಂಜೆ ಐದಕ್ಕೆ ಗಂಡಸರು ಮನೆಯಲ್ಲಿದ್ದರೆ ಜ್ವರವಾ ಅಂತ ಕೇಳುತ್ತಾರೆ. ನಾನು ಆ ಹೊತ್ತಿಗೆ ಬೇರೆ ದಾರಿಯಿಂದ ಪೇಟೆಗೆ ಹೋಗುತ್ತಿದ್ದೆ, ಮೈದಾನ ಕಾಣದ ಹಾಗೆ. ಕಿವಿಗೆ ಮಾತ್ರ ಕೇಳುತ್ತಿತ್ತು. ಒಬ್ಬ ‘ಕೊಡೋ’ ಅಂದರೆ ಇನ್ನೊಬ್ಬ ‘ಕೊರ್ಲ’, ಮತ್ತೊಬ್ಬ ‘ತಾಡಾ’. ಮೂರು ಭಾಷೆಯಲ್ಲಿ ಒಂದೇ ಬಾಲನ್ನು ಕೇಳುವ ಆ ಗದ್ದಲ ನನಗೆ ಗಲ್ಫಿನಲ್ಲಿದ್ದ ಆರು ವರ್ಷ ಕನಸಿನಲ್ಲಿ ಬರುತ್ತಿತ್ತು.

2016ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲಿನಲ್ಲಿ ನಮ್ಮ ಜಿಲ್ಲೆಯ ತೃಕ್ಕರಿಪುರದ ಮೊಹಮ್ಮದ್ ರಾಫಿ ಕೇರಳ ಬ್ಲಾಸ್ಟರ್ಸಿಗಾಗಿ ಕೊಚ್ಚಿಯಲ್ಲಿ ತಲೆ ಕೊಟ್ಟು ಗೋಲು ಹೊಡೆದರಲ್ಲ, ಆ ದಿನ ಪೆನಾಲ್ಟಿಯಲ್ಲಿ ಸೋತದ್ದಕ್ಕಿಂತ ಹೆಚ್ಚು ಬೇಜಾರು ನನಗೆ ಬೇರೆಯದಕ್ಕೆ ಆಯಿತು. ರಾಫಿ ಹೆಚ್ಚುಕಮ್ಮಿ ನಮ್ಮದೇ ಕಾಲದವರು. ಜಿಲ್ಲೆಯ ಆ ತುದಿಯಿಂದ ಒಬ್ಬರು ಅಲ್ಲಿಯವರೆಗೆ ಹೋದರು, ಈ ತುದಿಯಿಂದ ಎಷ್ಟು ಮಂದಿ ದಾರಿಯಲ್ಲೇ ಭುಜ, ಮೊಣಕಾಲು ಹಿಡಿದುಕೊಂಡು ಕೂತರೋ.

ಒಂದು ಮಾತು ಕೇಳಲಾ? ಆ ನೀಲಿ ಅಂಗಿಯ ಹುಡುಗನ ಹತ್ತಿರ ನೀವು ಹೋಗಿ ಹೇಳಬಹುದಿತ್ತಲ್ಲ.

ಪದವಿನ ರೈಟ್‌ಔಟ್

ಹೇಳಬೇಕಿತ್ತು. ನಿಮ್ಮ ಪ್ರಶ್ನೆ ಸರಿ. ಗುರುತಿಲ್ಲದವರ ಮಗನ ಬಗ್ಗೆ ನಾನೇನು ಹೇಳುವುದು ಅಂತ ಆ ಕ್ಷಣಕ್ಕೆ ಅನಿಸಿತು. ನಾಳೆ ಆ ಶಾಲೆಗೆ ಹೋಗುತ್ತೇನೆ.

ಪೆರ್ಲದ ಫಿಸಿಯೋ

ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್, ಊರು ಪೆರ್ಲ. ಇಲ್ಲಿ ಬರೆದದ್ದರಲ್ಲಿ ಎರಡು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ಮಕ್ಕಳ ತಂದೆತಾಯಿ ಕೂಡ ಓದುತ್ತಿರಬಹುದು.

ಮೊಣಕಾಲಿನ ಒಳಗೆ ಕತ್ತರಿಯ ಹಾಗೆ ಅಡ್ಡ ಹಾಯುವ ಎರಡು ಲಿಗಮೆಂಟುಗಳಿವೆ. ಮುಂದಿನದ್ದು ಎಸಿಎಲ್. ಕೆಳಗಿನ ಎಲುಬು ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ಹಿಡಿಯುವುದು ಅದರ ಕೆಲಸ. ಪಾದ ನೆಲಕ್ಕೆ ಕಚ್ಚಿ ಮೈ ತಿರುಗಿದಾಗ ಅದು ಹರಿಯುತ್ತದೆ. ಇಂಥ ಹೆಚ್ಚಿನ ಪೆಟ್ಟುಗಳು ಎದುರಾಳಿ ಮುಟ್ಟದೆಯೇ ಆಗುವಂಥವು. ಆ ‘ಟಪ್’ ಸದ್ದು, ಕೆಲವೇ ಗಂಟೆಗಳಲ್ಲಿ ಬಾವು (ಒಳಗೆ ರಕ್ತ ಸೇರುವುದರಿಂದ), ಆಮೇಲೆ ತಿರುಗುವಾಗ ಕಾಲು ಕೈಕೊಡುವುದು: ಈ ಮೂರು ಒಟ್ಟಿಗೆ ಇದ್ದರೆ ಎಕ್ಸ್‌ರೇ ಎಷ್ಟೇ ಸ್ವಚ್ಛವಾಗಿರಲಿ, ಎಸಿಎಲ್ ಬಗ್ಗೆ ಸಂಶಯ ಪಡಲೇಬೇಕು. ಎಕ್ಸ್‌ರೇ ಎಲುಬನ್ನು ತೋರಿಸುತ್ತದೆ, ಲಿಗಮೆಂಟು ಅದರಲ್ಲಿ ಕಾಣುವುದೇ ಇಲ್ಲ. ಅನುಭವ ಇರುವ ಕೈಗೆ ಯಂತ್ರ ಇಲ್ಲದೆಯೂ ಗೊತ್ತಾಗುತ್ತದೆ. ಮೊಣಕಾಲು ಸ್ವಲ್ಪ ಮಡಚಿ, ತೊಡೆಯನ್ನು ಒಂದು ಕೈಯಲ್ಲಿ ಹಿಡಿದು, ಕೆಳಗಾಲನ್ನು ಮುಂದಕ್ಕೆ ಎಳೆದು ನೋಡುವ ಪರೀಕ್ಷೆ ಅದು. ಹೊಸ ಬಾವಿನ ಮೇಲೆ ಬಿಸಿ ಎಣ್ಣೆ ಹಾಕಿ ಉಜ್ಜಬೇಡಿ. ಒಳಗೆ ರಕ್ತ ಸೋರುತ್ತಿರುವಾಗ ಅದು ಬಾವನ್ನು ಹೆಚ್ಚಿಸುತ್ತದೆ. ಐಸು, ಒತ್ತುಪಟ್ಟಿ, ಕಾಲು ಎತ್ತರಕ್ಕೆ ಇಡುವುದು, ಮೊದಲ ದಿನಗಳಿಗೆ ಅಷ್ಟು ಸಾಕು.

ರೊನಾಲ್ಡೊ ವಿಷಯ. ಅವನದ್ದು ಎಸಿಎಲ್ ಅಲ್ಲ. ಮೊಣಕಾಲ ಚಿಪ್ಪನ್ನು ಕೆಳಗಿನ ಎಲುಬಿಗೆ ಕಟ್ಟುವ ಸ್ನಾಯುರಜ್ಜು ಹರಿದದ್ದು. 1999ರ ನವೆಂಬರಿನಲ್ಲಿ ಭಾಗಶಃ, 2000ದ ಏಪ್ರಿಲಿನಲ್ಲಿ ಪೂರ್ತಿ. ಆದರೆ ರೈಟ್‌ಔಟ್ ಅಣ್ಣನ ಸಮಾಧಾನವನ್ನು ಇದು ಕಮ್ಮಿ ಮಾಡುವುದಿಲ್ಲ. ವಾಸಿಯಾಗುವ ಮೊದಲೇ ಆಡಲು ಬಂದರೆ ಪ್ಯಾರಿಸಿನ ಆಪರೇಷನ್ನೂ ಉಳಿಸುವುದಿಲ್ಲ ಅನ್ನುವುದು ಅವನ ಕತೆಯಲ್ಲೂ ಉಂಟು.

ಆವತ್ತು ಎಸಿಎಲ್ ಹರಿದದ್ದು ಯಾರ ತಪ್ಪೂ ಅಲ್ಲ. ಆಮೇಲೆ ಹನ್ನೆರಡು ವರ್ಷ ಆ ಕಾಲು ಒಳಗೊಳಗೆ ಜಾರಿದಾಗಲೆಲ್ಲ ಮೆನಿಸ್ಕಸ್ಸನ್ನು ಅರೆಯುತ್ತ ಬಂತಲ್ಲ, ಅದನ್ನು ತಡೆಯಬಹುದಿತ್ತು.

ನೀರ್ಚಾಲಿನ ಅಮ್ಮ

ನಮಸ್ಕಾರ. ನಾನು ಇಲ್ಲಿ ಬರೆಯುವವಳಲ್ಲ, ಓದುವವಳು. ಕೈ ನಡುಗುತ್ತಾ ಉಂಟು. ನನ್ನ ಮಗನಿಗೆ 16. ಹೋದ ಶನಿವಾರ ರಾತ್ರಿ ಸ್ನೇಹಿತರೊಟ್ಟಿಗೆ ಟರ್ಫಿನಲ್ಲಿ ಆಡುವಾಗ ಬಿದ್ದ. ಸದ್ದು ಕೇಳಿಸಿತು ಅಂತ ಅವನೇ ಹೇಳಿದ್ದ. ಮನೆಗೆ ಬರುವಾಗ ಮೊಣಕಾಲು ಬಾತಿತ್ತು. ಎಕ್ಸ್‌ರೇ ನಾರ್ಮಲ್. ಈಗ ಬಾವು ಇಳಿದಿದೆ, ನಡೆಯುತ್ತಾನೆ. ಬರುವ ವಾರ ಉಪಜಿಲ್ಲಾ ಪಂದ್ಯ. ಅವನಿಲ್ಲದೆ ತಂಡ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮೆಟ್ಟಿಲು ಇಳಿಯುವಾಗ ಮಾತ್ರ ಗೋಡೆ ಹಿಡಿದುಕೊಳ್ಳುತ್ತಾನೆ, ನಾನು ನೋಡುವಾಗ ಹಿಡಿಯುವುದಿಲ್ಲ. ಏನು ಮಾಡಲಿ?

ಪೆರ್ಲದ ಫಿಸಿಯೋ

ಅಕ್ಕಾ, ಕಾಲು ನೋಡದೆ ರೋಗ ಹೇಳಲಾರೆ. ಆದರೆ ನೀವು ಬರೆದ ಮೂರು ಲಕ್ಷಣವೂ ನಾನು ಮೇಲೆ ಹೇಳಿದಂಥವೇ. ಅವನು ಬರುವ ವಾರ ಆಡಬಾರದು. ಬಾವು ಇಳಿದದ್ದಕ್ಕೂ ಲಿಗಮೆಂಟು ಗುಣವಾದದ್ದಕ್ಕೂ ಸಂಬಂಧ ಇಲ್ಲ. ಕ್ರೀಡಾಗಾಯ ನೋಡುವ ಮೂಳೆ ಡಾಕ್ಟರಿಗೆ ತೋರಿಸಿ, ಅವರು ಹೇಳಿದರೆ ಎಂಆರ್‌ಐ ಮಾಡಿಸಿ.

ಹರಿದದ್ದೇ ಆಗಿದ್ದರೂ ಆಕಾಶ ಕಳಚಿ ಬೀಳುವುದಿಲ್ಲ. ಎಲ್ಲರಿಗೂ ಆಪರೇಷನ್ ಬೇಕೆಂದಿಲ್ಲ, ಆದರೆ ತಿರುಗಿ ಓಡುವ ಆಟ ಆಡಬೇಕೆನ್ನುವ ಹುಡುಗರಿಗೆ ಹೆಚ್ಚಾಗಿ ಮಾಡುತ್ತಾರೆ. ಅವನದೇ ತೊಡೆಯ ಹಿಂಭಾಗದಿಂದಲೋ ಚಿಪ್ಪಿನ ಕೆಳಗಿನಿಂದಲೋ ಒಂದು ರಜ್ಜು ತೆಗೆದು ಲಿಗಮೆಂಟಿನ ಜಾಗದಲ್ಲಿ ಕೂರಿಸುತ್ತಾರೆ. ಎಲುಬಿನ ಬೆಳವಣಿಗೆ ಇನ್ನೂ ಉಳಿದಿದ್ದರೆ ಅದನ್ನೂ ನೋಡಿ ನಿರ್ಧರಿಸುತ್ತಾರೆ. ಆಪರೇಷನ್ ಮರುದಿನವೇ ಆಗಬೇಕೆಂಬ ಗಡಿಬಿಡಿ ಸಾಮಾನ್ಯವಾಗಿ ಇರುವುದಿಲ್ಲ, ಮೊದಲು ಕಾಲು ಪೂರ್ತಿ ನೇರವಾಗಬೇಕು, ತೊಡೆಯ ಬಲ ಬರಬೇಕು. ಆಮೇಲೆ ಕಮ್ಮಿಯೆಂದರೂ ಒಂಬತ್ತು ತಿಂಗಳು. ಒಂಬತ್ತರ ಒಳಗೆ ಅವಸರ ಮಾಡಿದಷ್ಟೂ ಮತ್ತೆ ಹರಿಯುವ ಅಪಾಯ ಹೆಚ್ಚು. ಚಿಕ್ಕ ವಯಸ್ಸಿನವರಲ್ಲಿ, ಆಟಕ್ಕೆ ಮರಳಿದವರ ಪೈಕಿ ನಾಲ್ಕರಲ್ಲಿ ಒಬ್ಬರ ಹತ್ತಿರಹತ್ತಿರ ಈ ಕಾಲೋ ಆ ಕಾಲೋ ಇನ್ನೊಮ್ಮೆ ಹರಿಯುತ್ತದೆ. ಮೊದಲಿನಂತೆ ಸ್ಪರ್ಧೆಯ ಆಟಕ್ಕೆ ಮರಳುವವರು ನೂರರಲ್ಲಿ ಸುಮಾರು 55 ಮಂದಿ. ಇದನ್ನು ಅವನಿಗೂ ಮುಚ್ಚಿಡಬೇಡಿ. ಹದಿನಾರರ ಹುಡುಗನಿಗೆ ನಿಜ ಹೇಳಿದರೆ ಅವನು ವ್ಯಾಯಾಮ ಮಾಡುತ್ತಾನೆ.

ಹನ್ನೊಂದನೇ ನಂಬರ್

ಅಕ್ಕಾ, ನನ್ನ ಕತೆ ನಿಮ್ಮ ಮಗನಿಗೆ ಓದಿ ಹೇಳಿ.

ನಾನು ಕುಂಬಳೆ ಕಡೆಯವಳು. ಪ್ಲಸ್ ಒನ್‌ನಲ್ಲಿ (ಹನ್ನೊಂದನೇ ಕ್ಲಾಸು), 2019ರ ಡಿಸೆಂಬರಿನಲ್ಲಿ ಎಡಗಾಲು. ಹುಡುಗಿಯರಿಗೆ ಈ ಪೆಟ್ಟು ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚು ಆಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಆಟ ಕಲಿಸುವಾಗ ಯಾರೂ ಹೇಳಿರಲಿಲ್ಲ. ಫೆಬ್ರವರಿಯಲ್ಲಿ ಮಂಗಳೂರಿನಲ್ಲಿ ಆಪರೇಷನ್ ಆಯಿತು. ಮನೆಯಲ್ಲಿ ‘ಯಾರ ಹತ್ತಿರವೂ ಹೇಳಬೇಡ, ಕಾಲಿಗೆ ಊನ ಅಂತ ಊರೆಲ್ಲ ಆಗುತ್ತದೆ’ ಅಂದರು. ಹಾಗಾಗಿ ಅಣ್ಣನ ಎಕ್ಸ್‌ರೇಯಲ್ಲಿ ಕಾಣದ ಪೆಟ್ಟಿನ ಹಾಗೆ ನನ್ನದು ಹೇಳಲಾಗದ ಪೆಟ್ಟು. ತಂಡದವರಿಗೆ ‘ಅಜ್ಜಿಮನೆಗೆ ಹೋಗಿದ್ದಾಳೆ’ ಅಂತ ಹೇಳಿದ್ದರು. ನನ್ನನ್ನು ನೋಡಲು ಯಾರೂ ಬರಲಿಲ್ಲ, ಅವರಿಗೆ ಗೊತ್ತೇ ಇರಲಿಲ್ಲ. ಮೊಣಕಾಲಿಗಿಂತ ಅದು ಹೆಚ್ಚು ನೋಯಿತು.

ವಾರಕ್ಕೆ ಮೂರು ದಿನ ಫಿಸಿಯೋಗೆ ಕರ್ನಾಟಕದ ಗಡಿಯ ತಲಪಾಡಿ ದಾಟಿ ಹೋಗುತ್ತಿದ್ದೆ. 2020ರ ಮಾರ್ಚ್ ಕೊನೆಗೆ ಕೊರೋನಾದಿಂದ ಗಡಿ ಮುಚ್ಚಿತು. ತಲಪಾಡಿಯಲ್ಲಿ ತಡೆ, ಒಳದಾರಿಗಳಿಗೆ ಮಣ್ಣು ಸುರಿದರು. ಡಯಾಲಿಸಿಸಿಗೆ, ಹೃದಯದ ಚಿಕಿತ್ಸೆಗೆ ಹೋಗಬೇಕಾದವರೇ ಗಡಿಯಲ್ಲಿ ಸಿಕ್ಕಿಬಿದ್ದು ಪ್ರಾಣ ಬಿಟ್ಟ ದಿನಗಳು ಅವು. ಒಬ್ಬ ಹುಡುಗಿಯ ಮೊಣಕಾಲನ್ನು ಯಾರು ಕೇಳುತ್ತಾರೆ? ಆರು ವಾರದ ಹೊಸ ಲಿಗಮೆಂಟು, ಮನೆಯಲ್ಲಿ ನಾನು. ನನ್ನ ಫಿಸಿಯೋ ಮೇಡಂ ದಿನಾ ಸಂಜೆ ವಿಡಿಯೋ ಕಾಲ್ ಮಾಡಿದರು, ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ನೆಟ್‌ವರ್ಕು ಸಿಗುವುದು ಮೇಲಿನ ತೋಟದ ಪಂಪ್‌ಶೆಡ್ಡಿನ ಹತ್ತಿರ ಮಾತ್ರ. ಊರುಗೋಲು ಹಿಡಿದು ಅಲ್ಲಿಗೆ ಹತ್ತುವುದೇ ಮೊದಲ ವ್ಯಾಯಾಮ. ಐದು ಲೀಟರಿನ ಎಣ್ಣೆ ಕ್ಯಾನಿಗೆ ನೀರು ತುಂಬಿ ಕಾಲಿಗೆ ಕಟ್ಟಿ ಎತ್ತಿದೆ. ಮೊದಲು ಒಂದು ಲೀಟರು, ಓಣಂ ಹೊತ್ತಿಗೆ ಐದು.

ಹದಿನಾಲ್ಕು ತಿಂಗಳಿಗೆ ಮತ್ತೆ ಓಡಿದೆ. ಆದರೆ ಶಾಲೆಯ ಪಂದ್ಯಗಳೇ ನಡೆಯುತ್ತಿರಲಿಲ್ಲ, ಪ್ಲಸ್ ಟು ಮುಗಿದುಹೋಯಿತು. ಶಾಲೆಯ ಜೆರ್ಸಿಯಲ್ಲಿ ನಾನು ಆಡಿದ ಕೊನೆಯ ಮ್ಯಾಚು ಬಿದ್ದ ಮ್ಯಾಚೇ. ಈಗ ಭಾನುವಾರ ಬೆಳಿಗ್ಗೆ ಚಿಕ್ಕ ಹುಡುಗಿಯರಿಗೆ ಆಟ ಹೇಳಿಕೊಡುತ್ತೇನೆ. ಬಾಲು ಕೊಡುವ ಮೊದಲು ಇಪ್ಪತ್ತು ನಿಮಿಷ ಫಿಫಾದ ‘11 ಪ್ಲಸ್’ ವಾರ್ಮ್‌ಅಪ್ ಮಾಡಿಸುತ್ತೇನೆ. ಜಿಗಿದು ಇಳಿಯುವಾಗ ಮೊಣಕಾಲು ಒಳಕ್ಕೆ ಬಾಗದ ಹಾಗೆ, ಮಡಚಿ ಇಳಿಯುವುದು, ಒಂಟಿಕಾಲಲ್ಲಿ ನಿಲ್ಲುವುದು, ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿಗೆ ಬಲ. ಸರಿಯಾಗಿ ಮಾಡಿದ ತಂಡಗಳಲ್ಲಿ ಪೆಟ್ಟುಗಳು ಮೂರರಲ್ಲಿ ಒಂದು ಪಾಲಿನಷ್ಟು ಕಮ್ಮಿಯಾದದ್ದು ಅಧ್ಯಯನಗಳಲ್ಲಿ ಕಂಡಿದೆ. ದುಡ್ಡು ಬೇಡ, ಸಾಮಾನು ಬೇಡ, ಪದವಿನಲ್ಲೂ ಮಾಡಬಹುದು.

ಡ್ರಿಲ್ ಮಾಸ್ಟ್ರು

ನಾನು ನಿವೃತ್ತ ದೈಹಿಕ ಶಿಕ್ಷಕ. ಈ ಚರ್ಚೆ ನನ್ನ ಮಗಳು ತೋರಿಸಿದಳು. ಎರಡು ದಿನ ಬರೆಯುವುದೋ ಬೇಡವೋ ಅಂತ ಯೋಚಿಸಿದೆ.

ರೈಟ್‌ಔಟ್ ಅವರ ಶಾಲೆ ನನ್ನದಲ್ಲ, ಆದರೆ ನನ್ನ ಶಾಲೆಯಲ್ಲೂ ಇಂಥ ಹುಡುಗ ಇದ್ದ. ಮಳೆ ಬಿಟ್ಟ ಒಂದು ಬೆಳಿಗ್ಗೆ ಹನ್ನೆರಡು ಮಕ್ಕಳನ್ನು ಒಂದೇ ಜೀಪಿನಲ್ಲಿ ತುಂಬಿಕೊಂಡು ಹೋಗಿದ್ದೆವು. ಹೆಚ್ಚುವರಿ ಅಂತ ಇದ್ದದ್ದು ಒಬ್ಬ, ಅವನಿಗೂ ಜ್ವರ. ಪ್ರಥಮ ಚಿಕಿತ್ಸೆ ಅಂದರೆ ಹತ್ತಿ, ಟಿಂಚರು, ಒಂದು ಸ್ಪ್ರೇ ಡಬ್ಬ. ಐಸು ಬೇಕಾದರೆ ರಸ್ತೆಬದಿಯ ಮೀನಿನ ಪೆಟ್ಟಿಗೆಯಿಂದ ಕೇಳಿ ತರಬೇಕಿತ್ತು. ನಮ್ಮ ಸ್ಟಾಪರ್ ಬ್ಯಾಕ್ ಬಿದ್ದ. ಓಡಿ ಹೋಗಿ ‘ಆಡ್ತೀಯಾ ಮಗಾ?’ ಅಂತ ಕೇಳಿದೆ. ‘ಆಡ್ತೇನೆ ಸಾರ್’ ಅಂದ. ಆಡಿಸಿದೆ.

ಆ ಪ್ರಶ್ನೆಯೇ ತಪ್ಪು ಅಂತ ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು. ಹದಿನೈದರ ಹುಡುಗ, ಸುತ್ತ ಇನ್ನೂರು ಜನ, ಎದುರಿಗೆ ಅವನು ದೇವರ ಹಾಗೆ ನಂಬಿದ ಮಾಸ್ಟ್ರು. ಅವನು ಆಡುವುದಿಲ್ಲ ಅನ್ನುತ್ತಾನೆಯೇ? ತೀರ್ಮಾನದ ಭಾರವನ್ನು ನಾನು ಹೊರಬೇಕಿತ್ತು, ಮಗುವಿನ ತಲೆಯ ಮೇಲೆ ಇಟ್ಟೆ. ನನ್ನ ಕೊನೆಯ ಹತ್ತು ವರ್ಷ ಆ ಪ್ರಶ್ನೆ ಕೇಳಲೇ ಇಲ್ಲ. ಮೊಣಕಾಲು ಹಿಡಿದು ಬಿದ್ದವನನ್ನು ಎತ್ತಿಕೊಂಡು ಬಂದು ನನ್ನ ಪಕ್ಕ ಕೂರಿಸುತ್ತಿದ್ದೆ. ಕೈಗೆ ಸ್ಕೋರ್ ಪುಸ್ತಕ ಕೊಡುತ್ತಿದ್ದೆ. ಸುಮ್ಮನೆ ಕೂತ ಹುಡುಗನಿಗೆ ತಾನು ತಂಡದಿಂದ ಹೊರಗೆ ಬಿದ್ದೆ ಅನಿಸುತ್ತದೆ, ಪುಸ್ತಕ ಹಿಡಿದವನಿಗೆ ಹಾಗೆ ಅನಿಸುವುದಿಲ್ಲ. ಅದರಿಂದ ಎರಡು ಪಂದ್ಯ ಸೋತದ್ದೂ ಉಂಟು, ಮೇಲಿನವರಿಂದ ಮಾತು ಕೇಳಿದ್ದೂ ಉಂಟು.

ಆ ಸ್ಟಾಪರ್ ಬ್ಯಾಕ್ ಈಗ ಎಲ್ಲಿದ್ದಾನೋ. ಓದುತ್ತಿದ್ದರೆ, ಮಗಾ, ನಿನ್ನಲ್ಲಿ ಕ್ಷಮೆ ಕೇಳುತ್ತೇನೆ.

ನೀರ್ಚಾಲಿನ ತಾಯಿಗೆ: ಶಾಲೆಗೆ ನೀವೇ ಹೋಗಿ ಹೇಳಿ, ಮಗನ ಬಾಯಿಯಿಂದ ಹೇಳಿಸಬೇಡಿ. ಗ್ರೇಸ್ ಮಾರ್ಕಿನ ಮಾತು ಬಂದರೆ, ಅದು ಬರುವ ವರ್ಷವೂ ಇರುತ್ತದೆ ಅಂತ ಹೇಳಿ ಎದ್ದು ಬನ್ನಿ.

ಬೂಟಿನ ಎರಡನೇ ಯಜಮಾನ

ಏಳು ನಂಬರು ಬೂಟು ಅಂತ ಓದಿದಾಗ ಗೊತ್ತಾಯಿತು ಮಾರಾಯ, ಇದು ನೀನೇ ಅಂತ. ನಾನು ಯಾರು ಅಂತ ನಿನಗೂ ಗೊತ್ತಾಗಿರುತ್ತದೆ. ಆ ದಿನ ಬೆಂಚಿನಲ್ಲಿದ್ದವ, ಒಂಬತ್ತನೇ ಕ್ಲಾಸು.

ಜನವರಿಯಲ್ಲಿ ಒಂದು ದಿನ ನೀನು ಪ್ಲಾಸ್ಟಿಕ್ ಚೀಲದಲ್ಲಿ ಬೂಟು ತಂದು ನನ್ನ ಡೆಸ್ಕಿನ ಕೆಳಗೆ ಇಟ್ಟು ಹೋದೆ. ಒಂದು ಮಾತೂ ಆಡಲಿಲ್ಲ. ನನ್ನ ಕಾಲು ಆರು ನಂಬರು. ಮುಂದೆ ಹತ್ತಿ ತುರುಕಿ ಹಾಕಿಕೊಂಡೆ. ಮುಂದಿನ ವರ್ಷ ಕಾಲು ಸರಿಯಾಗಿ ಕೂತಿತು. ಎರಡು ಸೀಸನ್ ಅದರಲ್ಲಿ ಆಡಿದೆ, ನಿನ್ನ ಜಾಗದಲ್ಲಿ, ಬಲಬದಿಯಲ್ಲೇ. ಅಟ್ಟೆ ಬಿಟ್ಟಾಗ ಬದಿಯಡ್ಕದಲ್ಲಿ ಮೂರು ಸಲ ಹೊಲಿಸಿದ್ದೆ.

ನೀನು ಹೆದರಿದೆ ಅಂತ ಆಯ್ಕೆಯ ದಿನ ಹಿಂದಿನಿಂದ ಹೇಳಿದವರ ಗುಂಪಿನಲ್ಲಿ ನಾನಿದ್ದೆ. ಬಾಯಿಬಿಟ್ಟು ಹೇಳಿದವ ನಾನಲ್ಲ, ಆದರೆ ಅಲ್ಲ ಅಂತಲೂ ಹೇಳಲಿಲ್ಲ. ನೀನು ಹೊರಗೆ ಹೋದರೆ ಆ ಜಾಗ ನನಗೆ ಸಿಗುತ್ತದೆ ಅನ್ನುವ ಆಸೆ ಆಗ ನನ್ನ ಹೊಟ್ಟೆಯೊಳಗೆ ಇತ್ತು. ಇದನ್ನು 25 ವರ್ಷ ಯಾರಿಗೂ ಹೇಳಿಲ್ಲ. ಬೂಟು ಹಾಕಿಕೊಂಡಾಗಲೆಲ್ಲ ನೆನಪಾಗುತ್ತಿತ್ತು. ಎಡದ್ದಕ್ಕಿಂತ ಬಲದ ಬೂಟಿನ ಹೊರಬದಿ ಹೆಚ್ಚು ಸವೆದಿತ್ತು, ನೀನು ಒಳಕ್ಕೆ ಕಟ್ ಮಾಡುವ ಕಾಲು ಅದು. ನಾನು ಎಷ್ಟು ಅಭ್ಯಾಸ ಮಾಡಿದರೂ ಆ ತಿರುವು ನನಗೆ ಬರಲಿಲ್ಲ.

ಪದವಿನ ರೈಟ್‌ಔಟ್

ಆ ಬೂಟು ಆಮೇಲೆ ಏನಾಯಿತು ಅಂತ ನಾನು ಕೇಳಿದವನೇ ಅಲ್ಲ. ಕಾಡಿನಲ್ಲಿ ಬಿಸಾಡಿದ್ದೀ ಅಂತಲೇ ಅಂದುಕೊಂಡಿದ್ದೆ. ಎರಡು ಸೀಸನ್ ಆಡಿತಾ ಅದು! ಮೂರು ಸಲ ಹೊಲಿಸಿದೆಯಾ! ಇದನ್ನು ಓದಿ ನನಗೆ ಎಷ್ಟು ಸಂತೋಷವಾಯಿತು ಅಂತ ಬರೆಯಲು ಬರುವುದಿಲ್ಲ. ಆ ಮಾತಿನ ವಿಷಯ ಬಿಡು ತಮ್ಮಾ. ಆಗ ನನಗೇ ನನ್ನ ಮೇಲೆ ನಂಬಿಕೆ ಇರಲಿಲ್ಲ, ನಿನಗೆ ಹೇಗೆ ಇರಬೇಕಿತ್ತು? ರಜೆಯಲ್ಲಿ ಊರಿಗೆ ಬಂದಾಗ ಮನೆಗೆ ಬಾ.

ಗೋಲಿ ಅಣ್ಣ ಕೇಳಿದ್ದಕ್ಕೆ: ಆ ಶಾಲೆಗೆ ಹೋಗಿದ್ದೆ. ಟೀಚರ್ ಚಿಕ್ಕ ವಯಸ್ಸಿನವರು, ಕೂರಿಸಿ ಕೇಳಿದರು. ನೀಲಿ ಅಂಗಿಯ ಹುಡುಗನನ್ನು ಕರೆಸಿದರು. ಬಾವು ಬಂದಿರಲಿಲ್ಲ, ಕಾಲು ಗಟ್ಟಿ ಇತ್ತು. ಆದರೂ ಡಾಕ್ಟರಿಗೆ ತೋರಿಸಿದ ಮೇಲೆಯೇ ಆಟ ಅಂತ ಅವರೇ ಹೇಳಿದರು. ಹೊರಡುವಾಗ ಹುಡುಗ ‘ನೀವು ಯಾವ ಪೊಸಿಷನ್?’ ಅಂತ ಕೇಳಿದ. ಎಷ್ಟು ಕಾಲವಾಗಿತ್ತು ಅದನ್ನು ಯಾರಾದರೂ ಕೇಳಿ.

ನೀರ್ಚಾಲಿನ ಅಮ್ಮ

ಎಂಆರ್‌ಐ ಆಯಿತು. ಎಸಿಎಲ್ ಪೂರ್ತಿ ಹರಿದಿದೆ, ಮೆನಿಸ್ಕಸ್ ಸರಿ ಇದೆ. ಮೆನಿಸ್ಕಸ್ ಉಳಿದದ್ದು ದೊಡ್ಡದು ಅಂತ ಡಾಕ್ಟರು ಎರಡು ಸಲ ಹೇಳಿದರು. ಆಪರೇಷನ್ ಮುಂದಿನ ತಿಂಗಳು, ಅಲ್ಲಿವರೆಗೆ ವ್ಯಾಯಾಮ.

ಶಾಲೆಗೆ ನಾನೇ ಹೋಗಿ ಹೇಳಿದೆ ಮಾಸ್ಟ್ರೇ. ಮೊದಲು ಮುಖ ಸಣ್ಣಗೆ ಮಾಡಿದರು, ಆಮೇಲೆ ಒಪ್ಪಿದರು. ಸ್ಕೋರ್ ಪುಸ್ತಕದ ಮಾತೂ ಹೇಳಿದೆ. ಮಗ ಒಂದು ದಿನ ಪೂರ್ತಿ ನನ್ನ ಹತ್ತಿರ ಮಾತಾಡಲಿಲ್ಲ. ರಾತ್ರಿ ಇಲ್ಲಿಯದ್ದನ್ನೆಲ್ಲ ಮೊದಲಿನಿಂದ ಓದಿ ಹೇಳಿದೆ. ಬೂಟಿನ ಜಾಗ ಬಂದಾಗ ಎದ್ದು ಹೋಗಿ ತನ್ನ ಬೂಟು ತೊಳೆದು ಜಗಲಿಯಲ್ಲಿ ಒಣಗಲು ಇಟ್ಟ. ಯಾರಿಗೂ ಕೊಡುವುದಿಲ್ಲವಂತೆ, ಒಂಬತ್ತು ತಿಂಗಳಿಗೆ ಬೇಕಂತೆ.

ಫಿಸಿಯೋ ಹೇಳಿಕೊಟ್ಟ ಹಾಗೆ ಮೊಣಕಾಲಿನ ಕೆಳಗೆ ಟವೆಲ್ ಸುತ್ತಿಟ್ಟು ಒತ್ತುವುದನ್ನು ಇವತ್ತು ಬೆಳಿಗ್ಗೆ ಶುರು ಮಾಡಿದ್ದಾನೆ. ಒಂದೊಂದು ಸಲಕ್ಕೂ ಹತ್ತು ಎಣಿಸಬೇಕು. ಪಕ್ಕದಲ್ಲಿ ಕೂತು ಎಣಿಸುವುದು ಅವನ ತಂಗಿ. ಏಳರಲ್ಲಿ ಬಿಟ್ಟರೆ ಮತ್ತೆ ಒಂದರಿಂದ ಶುರು ಮಾಡಿಸುತ್ತಾಳೆ.